ಬಾವುಟ ಏರಿಸಿದ ಮೇಲೆ ಏನು? ಕೊಳ್ಳುವುದರಿಂದ ವಿಲೇವಾರಿವರೆಗೆ ಕಾನೂನು ಹೇಳುವ ದಾರಿ

ಬಾವುಟ ಏರಿಸುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆಮೇಲೆ ಅದನ್ನು ಏನು ಮಾಡಬೇಕು ಅಂತ ಹೇಳಿಕೊಡುವವರು ಕಡಿಮೆ. ಆಗಸ್ಟ್ 16ರ ಬೆಳಿಗ್ಗೆ ಯಾವ ಊರಿನಲ್ಲಾದರೂ ಒಂದು ಸುತ್ತು ಹೋಗಿಬನ್ನಿ. ಶಾಲೆಯ ಗೇಟಿನ ಪಕ್ಕದ ಮೋರಿಯಲ್ಲಿ ಕಾಗದದ ಧ್ವಜಗಳು ಬಿದ್ದಿರುತ್ತವೆ. ಬಾಲ್ಕನಿಯ ಗ್ರಿಲ್ಲಿಗೆ ಸುತ್ತಿಕೊಂಡ ಬಾವುಟ ದಸರಾ ಬಂದರೂ ಅಲ್ಲೇ ಇರುತ್ತದೆ. ಕೇಸರಿ ಬಿಳಿಚಿಕೊಂಡು, ತುದಿ ನೂಲು ನೂಲಾಗಿ ಬಿಟ್ಟುಕೊಂಡಿರುತ್ತದೆ. ಯಾರೂ ಬೇಕು ಅಂತ ಮಾಡಿದ್ದಲ್ಲ. ಆದರೂ ನೋಡಿದರೆ ಸಂಕಟವಾಗುತ್ತದೆ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ, ಚರಕದ ಚಿತ್ರವಿದ್ದ ಅಂದಿನ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಬಾವುಟಕ್ಕಾಗಿ ಪ್ರಾಣ ಕೊಟ್ಟ ನೆಲ ನಮ್ಮದು.

ಧ್ವಜದ ರಕ್ಷಣೆಗೆ ಕಾನೂನು ಗಟ್ಟಿಯಾಗಿಯೇ ಇದೆ. ಅದನ್ನು ಓದಿದವರು ಮಾತ್ರ ಕಡಿಮೆ. ಹಾಗಾಗಿ ಕೊಳ್ಳುವುದರಿಂದ ಹಿಡಿದು ಹಳೆಯದಾದ ಮೇಲೆ ವಿಲೇವಾರಿ ಮಾಡುವವರೆಗೆ ಒಂದೊಂದಾಗಿ ನೋಡೋಣ.

ಶುರು ಮಾಡುವ ಮೊದಲು: ಎರಡು ಹೆಸರು ನೆನಪಿಡಿ

ಒಂದು, 1971ರ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯ್ದೆ. ಇದು ಸಂಸತ್ತು ಮಾಡಿದ ಕಾನೂನು. ಸಾರ್ವಜನಿಕ ಜಾಗದಲ್ಲಿ ಅಥವಾ ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಧ್ವಜವನ್ನು ಸುಟ್ಟರೆ, ಹರಿದರೆ, ವಿರೂಪ ಮಾಡಿದರೆ, ತುಳಿದರೆ, ಮಾತಿನಿಂದಲೋ ಬರಹದಿಂದಲೋ ಅವಮಾನ ಮಾಡಿದರೆ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಎರಡನೇ ಸಲ ಅಪರಾಧ ಸಾಬೀತಾದರೆ ಕನಿಷ್ಠ 1 ವರ್ಷ ಜೈಲು. ಧ್ವಜದ ಚಿತ್ರ, ಫೋಟೊಗಳಿಗೂ ಇದು ಅನ್ವಯಿಸುತ್ತದೆ. ಬಸ್ಸು, ರೈಲು ಕೂಡ ಸಾರ್ವಜನಿಕ ಜಾಗವೇ.

ಇನ್ನೊಂದು, 2002ರ ಜನವರಿ 26ರಂದು ಜಾರಿಗೆ ಬಂದ ಭಾರತದ ಧ್ವಜ ಸಂಹಿತೆ. ಇದು ಕೇಂದ್ರ ಸರ್ಕಾರ ಕೊಟ್ಟ ಸೂಚನೆಗಳ ಕಟ್ಟು. ಇವೆರಡರ ವ್ಯತ್ಯಾಸ ಮುಖ್ಯ. ಸಂಹಿತೆಯ ಪ್ರತಿಯೊಂದು ಸಾಲು ತಪ್ಪಿದರೂ ಜೈಲು ಅಂತಲ್ಲ. ಶಿಕ್ಷೆ ಇರುವುದು ಕಾಯ್ದೆಯಲ್ಲಿ. ಗೌರವದಿಂದ ನಡೆದುಕೊಳ್ಳುವುದು ಹೇಗೆ ಅನ್ನುವ ವಿವರ ಇರುವುದು ಸಂಹಿತೆಯಲ್ಲಿ.

ಮನೆಯ ಮೇಲೆ ಬಾವುಟ ಹಾರಿಸುವುದು ಇವತ್ತು ನಮ್ಮ ಹಕ್ಕು. ಒಂದು ಕಾಲದಲ್ಲಿ ಸಾಮಾನ್ಯ ಜನರಿಗೆ ವರ್ಷದ ಕೆಲವೇ ದಿನ ಇದಕ್ಕೆ ಅವಕಾಶವಿತ್ತು. ಛತ್ತೀಸ್‌ಗಢದ ರಾಯಗಢದ ತಮ್ಮ ಕಾರ್ಖಾನೆಯಲ್ಲಿ ಧ್ವಜ ಹಾರಿಸಲು ಅಧಿಕಾರಿಗಳು ಬಿಡಲಿಲ್ಲ ಅಂತ ಉದ್ಯಮಿ ನವೀನ್ ಜಿಂದಾಲ್ ಕೋರ್ಟಿಗೆ ಹೋದರು. 2004ರ ಜನವರಿ 23ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಗೌರವದಿಂದ ಧ್ವಜ ಹಾರಿಸುವುದು ಸಂವಿಧಾನದ 19ನೇ ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಆದರೆ ಅದಕ್ಕೆ ಮಿತಿಗಳಿವೆ. ಆ ಮಿತಿಗಳನ್ನೇ ಮುಂದಿನ ಹಂತಗಳಲ್ಲಿ ನೋಡುತ್ತೇವೆ.

ಹಂತ 1: ಕೊಳ್ಳುವಾಗ ಟೇಪು ಹಿಡಿದು ನೋಡಿ

ಉದ್ದ ಮತ್ತು ಅಗಲ 3:2ರ ಲೆಕ್ಕದಲ್ಲಿರಬೇಕು. ಮನೆಗೆ 900×600 ಮಿಲಿಮೀಟರ್ ಅಳತೆ ಸರಿಹೋಗುತ್ತದೆ. ಆ ಅಳತೆಯಲ್ಲಿ ಒಂದೊಂದು ಬಣ್ಣದ ಪಟ್ಟಿ 200 ಮಿಲಿಮೀಟರ್, ಅಶೋಕ ಚಕ್ರದ ಅಗಲ 185. ಅಂದರೆ ಚಕ್ರ ಬಿಳಿ ಪಟ್ಟಿಯೊಳಗೇ ಕೂರಬೇಕು. ಕೇಸರಿಗೋ ಹಸಿರಿಗೋ ತಾಗಿದ್ದರೆ, ಮೊಟ್ಟೆಯ ಹಾಗೆ ಉದ್ದಕ್ಕೆ ಎಳೆದುಕೊಂಡಿದ್ದರೆ ಅದನ್ನು ವಾಪಸ್ ಕೊಡಿ. ಚಕ್ರದಲ್ಲಿ 24 ಗೆರೆ ಇರಬೇಕು, ಬಣ್ಣ ಕಡುನೀಲಿ. ಎರಡೂ ಬದಿಯಲ್ಲಿ ಕಾಣಬೇಕು. ಬಾವುಟವನ್ನು ಬೆಳಕಿಗೆ ಹಿಡಿದರೆ ಎರಡು ಬದಿಯ ಚಕ್ರಗಳು ಒಂದರ ಮೇಲೊಂದು ಕೂತಿವೆಯೋ ಜಾರಿವೆಯೋ ತಕ್ಷಣ ಗೊತ್ತಾಗುತ್ತದೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಧ್ವಜ ತಯಾರಾಗುವುದು ಇಂಥ ಅಳತೆಯ ಶಿಸ್ತಿನಲ್ಲೇ. 1957ರಲ್ಲಿ ಶುರುವಾದ ಈ ಸಂಘ, ಭಾರತೀಯ ಮಾನಕ ಬ್ಯೂರೋದ ಗುರುತು ಪಡೆದ ಖಾದಿ ಧ್ವಜಗಳನ್ನು ದೇಶಕ್ಕೆಲ್ಲ ಕಳಿಸುತ್ತದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಇಲ್ಲಿಗೆ ಬಂದು, ಬಣ್ಣ ಹಾಕಿಸಿಕೊಂಡು, ಚಕ್ರ ಅಚ್ಚಾಗಿ, ಹೊಲಿಗೆಯಾಗುತ್ತದೆ. ಹೊಲಿಯುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಮಿಷಿನ್ನಿನಲ್ಲಿ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಒಪ್ಪಿಗೆ ಸಿಕ್ಕಿತು. ಬೆಂಗೇರಿಯವರು ಇದನ್ನು ವಿರೋಧಿಸಿದರು. ನನ್ನ ಮಟ್ಟಿಗೆ ಅವರ ಮಾತಿನಲ್ಲಿ ನ್ಯಾಯವಿದೆ. ಪಾಲಿಯೆಸ್ಟರ್ ಬಾವುಟ ಕಾನೂನಿಗೆ ವಿರುದ್ಧವಲ್ಲ ನಿಜ. ಆದರೆ ಕೈಗೆಟಕುವಂತಿದ್ದರೆ ಖಾದಿಯದ್ದನ್ನೇ ಕೊಳ್ಳಿ. ಪ್ಲಾಸ್ಟಿಕ್ಕಿನದ್ದು ಮಾತ್ರ ಬೇಡವೇ ಬೇಡ. ರಾಷ್ಟ್ರೀಯ ಹಬ್ಬಗಳು ಹತ್ತಿರವಾದಾಗ ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಇದನ್ನೇ ಬರೆದು ನೆನಪಿಸುತ್ತದೆ.

ಹಂತ 2: ಕಟ್ಟುವಾಗ

ಕೇಸರಿ ಮೇಲೆ. ಗೋಡೆಗೆ ಉದ್ದುದ್ದ ಇಳಿಬಿಟ್ಟರೆ, ಎದುರು ನಿಂತು ನೋಡುವವರ ಎಡಗಡೆಗೆ ಕೇಸರಿ ಬರಬೇಕು. ಇದನ್ನು ತಪ್ಪುವವರು ತುಂಬಾ ಜನ.

ಹರಿದ, ಮಾಸಿದ, ಮುದ್ದೆಯಾದ ಧ್ವಜ ಹಾರಿಸುವಂತಿಲ್ಲ. ನೆಲಕ್ಕೆ, ನೀರಿಗೆ ತಾಗದಷ್ಟು ಎತ್ತರ ಇರಲಿ. ಅದರ ಮೇಲೆ ಹೆಸರು, ಸಂಘದ ಮುದ್ರೆ, ಶುಭಾಶಯ ಏನನ್ನೂ ಬರೆಯಬೇಡಿ. ಮೇಜಿಗೆ ಹೊದಿಸುವುದು, ವೇದಿಕೆಗೆ ಸುತ್ತುವುದು, ಕಾರಿನ ಬಾನೆಟ್ಟಿನ ಮೇಲೆ ಹಾಸುವುದು, ಪ್ರತಿಮೆಗೆ ಮುಚ್ಚುವುದು, ಇವೆಲ್ಲ ಕಾಯ್ದೆಯೇ ಹೆಸರಿಸಿರುವ ಅಗೌರವಗಳು. ಸರ್ಕಾರಿ ಗೌರವದ ಅಂತ್ಯಕ್ರಿಯೆ, ಸೈನಿಕರ ಮತ್ತು ಅರೆಸೇನಾ ಪಡೆಯವರ ಅಂತ್ಯಕ್ರಿಯೆ ಬಿಟ್ಟರೆ ಬೇರೆ ಯಾವುದಕ್ಕೂ ಧ್ವಜವನ್ನು ಹೊದಿಸುವಂತಿಲ್ಲ. ಸೊಂಟದ ಕೆಳಗಿನ ಉಡುಪಿನಲ್ಲಿ ಬಳಸುವಂತಿಲ್ಲ. ಕರವಸ್ತ್ರ, ದಿಂಬು, ಒಳಉಡುಪುಗಳ ಮೇಲೆ ಅಚ್ಚು ಹಾಕುವಂತಿಲ್ಲ.

ಕಾರಿನ ಮುಂದೆ ಪುಟ್ಟ ಧ್ವಜ ಹಾರಿಸಿಕೊಂಡು ಓಡಾಡುವ ಅವಕಾಶ ಎಲ್ಲರಿಗೂ ಇಲ್ಲ. ರಾಷ್ಟ್ರಪತಿ, ರಾಜ್ಯಪಾಲರು, ಪ್ರಧಾನಿ, ಮುಖ್ಯಮಂತ್ರಿ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು ಹೀಗೆ ಸಂಹಿತೆಯ ಪಟ್ಟಿಯಲ್ಲಿ ಇರುವವರಿಗೆ ಮಾತ್ರ.

ನಮ್ಮ ಕಡೆ ಜಾಸ್ತಿ ಕಾಣುವ ಎರಡು ತಪ್ಪುಗಳಿವೆ. ಒಂದು, ಧ್ವಜ ಕಂಬದ ತುದಿಗೆ ಹೂವಿನ ಹಾರ ಹಾಕುವುದು. ಭಕ್ತಿಯಿಂದಲೇ ಹಾಕುತ್ತಾರೆ. ಆದರೆ ಕಂಬದ ಮೇಲೆ ಹೂವು, ಹಾರ, ಲಾಂಛನ ಏನೂ ಇರಬಾರದು ಅನ್ನುತ್ತದೆ ಸಂಹಿತೆ. ಅರಳಿಸುವ ಮೊದಲು ಮಡಿಕೆಯೊಳಗೆ ಹೂವಿನ ಪಕಳೆ ಇಡುವುದಕ್ಕೆ ಮಾತ್ರ ಅವಕಾಶ ಇದೆ. ಎರಡನೆಯದು, ಒಂದೇ ಕಂಬಕ್ಕೆ ಕನ್ನಡ ಬಾವುಟವನ್ನೂ ತ್ರಿವರ್ಣವನ್ನೂ ಕಟ್ಟುವುದು. ನವೆಂಬರ್ 1ರಂದು ಇದನ್ನು ನೋಡುತ್ತಲೇ ಇರುತ್ತೇವೆ, ಅಲ್ವಾ? ಒಂದೇ ಕಂಬದಲ್ಲಿ ಇನ್ನೊಂದು ಧ್ವಜ ಕೂಡದು. ತ್ರಿವರ್ಣಕ್ಕಿಂತ ಎತ್ತರದಲ್ಲಿ ಅಥವಾ ಅದರ ಮಗ್ಗುಲಲ್ಲೂ ಬೇರೆ ಬಾವುಟ ಕೂಡದು. ಅರಿಶಿನ ಕುಂಕುಮದ ಬಾವುಟಕ್ಕೆ ಬೇರೆಯದೇ ಕಂಬ ನಿಲ್ಲಿಸಿ, ಸ್ವಲ್ಪ ದೂರದಲ್ಲಿ, ಸ್ವಲ್ಪ ತಗ್ಗಿನಲ್ಲಿ. ಎರಡರ ಮೇಲಿನ ಪ್ರೀತಿಗೂ ಕುಂದಿಲ್ಲ.

ಹಂತ 3: ಹಾರುತ್ತಿರುವಾಗ ಕಣ್ಣಿಡಿ

ಮೊದಲು ಸೂರ್ಯ ಹುಟ್ಟಿದ ಮೇಲೆ ಏರಿಸಿ ಮುಳುಗುವ ಹೊತ್ತಿಗೆ ಇಳಿಸಬೇಕಿತ್ತು. 2022ರ ಜುಲೈನಲ್ಲಿ, 'ಹರ್ ಘರ್ ತಿರಂಗಾ' ಅಭಿಯಾನದ ಹೊತ್ತಿಗೆ, ಬಯಲಿನಲ್ಲಿ ಅಥವಾ ಮನೆಯ ಮೇಲೆ ಹಗಲೂ ರಾತ್ರಿ ಹಾರಿಸಬಹುದು ಅಂತ ತಿದ್ದುಪಡಿ ಬಂತು. ಇದು ಅನುಕೂಲವೇ. ಆದರೆ ದಿನಾ ಇಳಿಸುವ ಅಭ್ಯಾಸ ಇದ್ದಾಗ ದಿನಾ ಒಮ್ಮೆ ಬಾವುಟ ಕೈಗೆ ಬರುತ್ತಿತ್ತು, ಎಲ್ಲಿ ಹರಿದಿದೆ ಅಂತ ಕಾಣುತ್ತಿತ್ತು. ಈಗ ಅದು ತಪ್ಪಿತು. ಹಾಗಾಗಿ ವಾರಕ್ಕೊಮ್ಮೆಯಾದರೂ ತಾರಸಿ ಹತ್ತಿ ನೋಡಿ. ಮಳೆಗಾಳಿಗೆ ಮೊದಲು ಕಿತ್ತುಬರುವುದು ಕಂಬದಿಂದ ದೂರ ಇರುವ ತುದಿ.

ಹಂತ 4: ಇಳಿಸಿ ಮಡಿಸುವುದು

ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ. ಮಡಿಸಲು ಇಬ್ಬರಿದ್ದರೆ ಸುಲಭ. ಎರಡೂ ತುದಿ ಹಿಡಿದು ಅಡ್ಡಕ್ಕೆ ಬಿಗಿಯಾಗಿ ನಿಲ್ಲಿ. ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿ ಪಟ್ಟಿಯ ಅಡಿಗೆ ಮಡಿಸಿ. ಈಗ ಮೇಲೆ ಉದ್ದನೆಯ ಬಿಳಿ ಪಟ್ಟಿ, ನಡುವೆ ಚಕ್ರ. ಎಡ ಬಲ ಎರಡೂ ಕಡೆಯಿಂದ ಒಳಕ್ಕೆ ಮಡಿಸುತ್ತಾ ಬನ್ನಿ. ಕೊನೆಗೆ ಅಶೋಕ ಚಕ್ರವೂ ಕೇಸರಿ ಹಸಿರಿನ ಅಂಚೂ ಮಾತ್ರ ಕಾಣಬೇಕು. ಎರಡೂ ಅಂಗೈ ಮೇಲೆ ಇಟ್ಟುಕೊಂಡು ಒಯ್ದು, ಒಣ ಜಾಗದಲ್ಲಿ ಇಡಿ.

ಹಂತ 5: ಹಳೆಯದಾದಾಗ

ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇಲ್ಲೇ. ಕಸದ ಡಬ್ಬಿಗೆ ಹಾಕಲು ಮನಸ್ಸು ಬರುವುದಿಲ್ಲ, ಸುಟ್ಟರೆ ಕೇಸಾದೀತು ಅನ್ನುವ ಭಯ. ಕೊನೆಗೆ ಕಪಾಟಿನ ಮೂಲೆಗೆ ತುರುಕುತ್ತಾರೆ, ಇಲ್ಲವೇ ನೆಲ ಒರೆಸುವ ಬಟ್ಟೆಗಳ ಜೊತೆ ಸೇರಿಹೋಗುತ್ತದೆ.

ಸಂಹಿತೆ ಹೇಳುವುದು ಸ್ಪಷ್ಟವಾಗಿದೆ. ಹಾಳಾದ ಧ್ವಜವನ್ನು ಎಲ್ಲೆಂದರಲ್ಲಿ ಎಸೆಯಬಾರದು. ಇಡಿಯಾಗಿ, ಖಾಸಗಿಯಾಗಿ ನಾಶ ಮಾಡಬೇಕು. ಸುಡುವುದು ಒಳ್ಳೆಯದು, ಅಥವಾ ಗೌರವಕ್ಕೆ ಧಕ್ಕೆಯಾಗದ ಬೇರೆ ರೀತಿಯೂ ಆಗಬಹುದು. ಜನರೆದುರು ತಿರಸ್ಕಾರದಿಂದ ಸುಟ್ಟರೆ ಅಪರಾಧ. ಮನೆಯ ಹಿತ್ತಲಲ್ಲಿ ಗೌರವದಿಂದ ಸುಟ್ಟರೆ ಕರ್ತವ್ಯ.

ಮಾಡುವ ರೀತಿ ಹೀಗೆ. ಧ್ವಜವನ್ನು ಮಡಿಸಿ. ತುಂಡು ಮಾಡಬೇಡಿ, ಕತ್ತರಿಸಬೇಡಿ. ಗಾಳಿ ಇಲ್ಲದ ಹೊತ್ತಿನಲ್ಲಿ, ಗುಡಿಸಿದ ಶುಚಿಯಾದ ನೆಲದಲ್ಲಿ ಸಣ್ಣ ಬೆಂಕಿ ಮಾಡಿ. ಪೂರ್ತಿ ಉರಿಯುವವರೆಗೆ ಪಕ್ಕದಲ್ಲೇ ನಿಲ್ಲಿ. ಬೂದಿಯನ್ನು ಗಿಡದ ಬುಡದಲ್ಲಿ ಮಣ್ಣಿಗೆ ಸೇರಿಸಿ. ಖಾದಿ, ಹತ್ತಿಗೆ ಇದು ಸರಿ. ಪಾಲಿಯೆಸ್ಟರ್ ಉರಿಯುವ ಬದಲು ಕರಗಿ ಅಂಟಾಗುತ್ತದೆ, ಹೊಗೆಯೂ ಕೆಟ್ಟದ್ದು. ಅದನ್ನು ಮಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಅಥವಾ ಪೆಟ್ಟಿಗೆಯಲ್ಲಿಟ್ಟು, ಯಾರೂ ತುಳಿಯದ ಕಡೆ ಆಳವಾಗಿ ಹೂಳುವುದು ಒಳ್ಳೆಯದು ಅಂತ ನನ್ನ ಸಲಹೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಹಳೆಯ ಧ್ವಜಗಳನ್ನು ಒಂದು ಪೆಟ್ಟಿಗೆಯಲ್ಲಿ ಸೇರಿಸಿಟ್ಟು, ಒಬ್ಬರೋ ಇಬ್ಬರೋ ಜವಾಬ್ದಾರಿ ತೆಗೆದುಕೊಂಡು ಒಟ್ಟಿಗೇ ಮಾಡಬಹುದು.

'ಖಾಸಗಿಯಾಗಿ' ಅಂದರೆ ಖಾಸಗಿಯಾಗಿಯೇ. ಮೊಬೈಲಿನಲ್ಲಿ ವಿಡಿಯೊ ಮಾಡಿ ಹಾಕಬೇಡಿ. ಮಕ್ಕಳ ಕೈಯಲ್ಲಿದ್ದ ಕಾಗದದ ಧ್ವಜಗಳಿಗೂ ಇದೇ ನಿಯಮ. ಕಾರ್ಯಕ್ರಮ ಮುಗಿದ ಕೂಡಲೇ ಒಬ್ಬ ಮೇಷ್ಟ್ರು ಗೇಟಿನ ಹತ್ತಿರ ಬುಟ್ಟಿ ಹಿಡಿದು ನಿಂತರೆ ಮೋರಿಗೆ ಒಂದೂ ಬೀಳುವುದಿಲ್ಲ.

ಹಂತ 6: ಬೇರೆಯವರು ಅವಮಾನ ಮಾಡಿದ್ದು ಕಂಡರೆ

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ಬೇಕು ಅಂತ ಮಾಡಿದ್ದೋ, ಗೊತ್ತಿಲ್ಲದೆ ಆದದ್ದೋ? ಈ ಪ್ರಶ್ನೆಯನ್ನು ಕಾಯ್ದೆಯೇ ಕೇಳುತ್ತದೆ. ಧ್ವಜ ನೆಲಕ್ಕೆ ತಾಗಿದ್ದು, ಕೇಸರಿ ಕೆಳಗಾಗಿದ್ದು ಅಗೌರವ ಅನ್ನಿಸಿಕೊಳ್ಳಬೇಕಾದರೆ ಅದು ಉದ್ದೇಶಪೂರ್ವಕ ಆಗಿರಬೇಕು ಅಂತ ಅದರಲ್ಲೇ ಬರೆದಿದೆ. 2013ರಲ್ಲಿ ಕೊಯಮತ್ತೂರಿನ ಕ್ರಿಸ್‌ಮಸ್ ಕಾರ್ಯಕ್ರಮವೊಂದರಲ್ಲಿ ತ್ರಿವರ್ಣ, ಅಶೋಕ ಚಕ್ರ ಇದ್ದ ದೊಡ್ಡ ಕೇಕ್ ಕತ್ತರಿಸಿದ್ದಕ್ಕೆ ಕೇಸಾಗಿತ್ತು. ಇದು 1971ರ ಕಾಯ್ದೆಯಡಿ ಅವಮಾನವಲ್ಲ ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಆ ಪ್ರಕರಣವನ್ನು ರದ್ದು ಮಾಡಿತು.

ಟೀಕೆಯೂ ಅಪರಾಧವಲ್ಲ. ಸಂವಿಧಾನವನ್ನೋ ಧ್ವಜವನ್ನೋ ಸರ್ಕಾರದ ಕ್ರಮವನ್ನೋ ಕಾನೂನಿನ ದಾರಿಯಲ್ಲಿ ಬದಲಿಸಬೇಕು ಅಂತ ಟೀಕಿಸುವುದನ್ನು ಕಾಯ್ದೆ ತನ್ನ ಹೊರಗೆ ಇಟ್ಟಿದೆ. ಅಮೆರಿಕ ಇನ್ನೂ ಮುಂದೆ ಹೋಗಿದೆ. ಪ್ರತಿಭಟನೆಯಲ್ಲಿ ಧ್ವಜ ಸುಡುವುದೂ ಅಭಿವ್ಯಕ್ತಿ ಸ್ವಾತಂತ್ರ್ಯವೇ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲಿ 5-4ರ ಬಹುಮತದಿಂದ ಹೇಳಿತು. ನಮ್ಮ ಸಂಸತ್ತು ಆ ದಾರಿ ಹಿಡಿಯಲಿಲ್ಲ. ಸುಡುವುದಕ್ಕೆ ಶಿಕ್ಷೆ, ಮಾತಿನ ವಿಮರ್ಶೆಗೆ ರಕ್ಷಣೆ. ಈ ಹದ ನನಗೆ ಸರಿ ಕಾಣುತ್ತದೆ.

ಆದ್ದರಿಂದ ಪಕ್ಕದ ಮನೆಯ ಬಾವುಟ ತಲೆಕೆಳಗಾಗಿದ್ದರೆ ಬಾಗಿಲು ತಟ್ಟಿ, "ಅಣ್ಣಾ, ಕೇಸರಿ ಕೆಳಗಾಗಿದೆ ನೋಡಿ" ಅನ್ನಿ. ಅಷ್ಟಕ್ಕೇ ಸರಿಹೋಗುತ್ತದೆ. ದಾರಿಯಲ್ಲಿ ಬಿದ್ದ ಧ್ವಜ ಕಂಡರೆ ಎತ್ತಿಕೊಂಡು ಹೋಗಿ ಹಂತ 5ರಂತೆ ಮಾಡಿ.

ಬೇಕು ಅಂತಲೇ ಸುಡುವುದು, ತುಳಿಯುವುದು ಕಂಡರೆ 112ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಠಾಣೆಯಲ್ಲಿ ಬರಹದಲ್ಲಿ ದೂರು ಕೊಡಿ. ಜಾಗ, ದಿನ, ಹೊತ್ತು, ಕಣ್ಣಾರೆ ಕಂಡದ್ದೇನು, ಇಷ್ಟನ್ನು ಬರೆಯಿರಿ. ಊಹೆ ಬೇಡ. ಕೈ ಮಾಡುವುದಂತೂ ಬೇಡವೇ ಬೇಡ, ಆಗ ಕೇಸು ನಿಮ್ಮ ಮೇಲೆ ಬರುತ್ತದೆ. ಫೋಟೊ, ವಿಡಿಯೊ ಇದ್ದರೆ ಪೊಲೀಸರ ಕೈಗೆ ಕೊಡಿ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಬೇಡಿ. ದೂರು ಸ್ವೀಕರಿಸಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ.