ಅಂಗೈಯಗಲದ ಮಕರ

ಕಾಲ್ಪನಿಕ ಪ್ರಾಣಿಗಳ ಕಿರುಮೂರ್ತಿ ಮಾಡುವ ಹವ್ಯಾಸಕ್ಕೆ ಬಿದ್ದವರು ಹೆಚ್ಚಾಗಿ ಡ್ರ್ಯಾಗನ್‌ನಿಂದ ಆರಂಭಿಸುತ್ತಾರೆ. ನಾನೂ ಡ್ರ್ಯಾಗನ್‌ಗಳನ್ನು ಮಾಡಿದ್ದೇನೆ. ಆದರೆ ನನ್ನ ಕೈ ಪಳಗಿದ್ದು ಹಳೇಬೀಡಿನ ಮಕರದಿಂದ. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಪುರಾಣಕಥೆಗಳ ಸಾಲು ದಾಟಿದ ಮೇಲೆ ಮಕರಗಳ ಪಟ್ಟಿಕೆ, ಅದರ ಮೇಲೆ ಹಂಸ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ, ಇಷ್ಟನ್ನೂ ಒಂದೇ ಜೀವಕ್ಕೆ ಕೊಟ್ಟಿದ್ದರೂ ನೋಡುವವರಿಗೆ ಎಲ್ಲಿಯೂ ತೇಪೆ ಹಾಕಿದಂತೆ ಅನಿಸುವುದಿಲ್ಲ. ಅಂಗಗಳು ಒಂದನ್ನೊಂದು ಸೇರುವ ಜಾಗವನ್ನು ಹೇಗೆ ನಿಭಾಯಿಸುತ್ತೇವೆ ಎಂಬುದರ ಮೇಲೆಯೇ ಇಲ್ಲದ ಪ್ರಾಣಿ ಇದೆ ಎನಿಸುವುದು ನಿಂತಿದೆ. ಹೊಯ್ಸಳ ಶಿಲ್ಪಿಗಳು ಅಂಥ ಕಡೆ ಬಳ್ಳಿಯ ಸುರುಳಿಗಳನ್ನು ಹರಿಯಬಿಟ್ಟಿದ್ದಾರೆ. ನನಗೆ ಬೇಕಾಗಿದ್ದು ಶಿಲ್ಪದ ನಕಲಲ್ಲ, ಪ್ರಾಣಿ. ಹಾಗಾಗಿ ಬಳ್ಳಿಯ ನೆರವಿಲ್ಲದೆ ಆ ಸೇರುವೆಗಳನ್ನು ಬಿಡಿಸಬೇಕಾಯಿತು.

ಕೆರೆಯ ಜೇಡಿಮಣ್ಣು ನನಗೆ ಬಲು ಇಷ್ಟ. ಆದರೆ ಎಂಟು ಸೆಂಟಿಮೀಟರ್ ಉದ್ದದ ಮೂರ್ತಿಗೆ ಒಳಗೆ ತಂತಿ ಬೇಕೇ ಬೇಕು. ಮಣ್ಣು ಒಣಗುತ್ತಾ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ಕಾಲಿನ ಬುಡದಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಪಾಲಿಮರ್ ಕ್ಲೇ ಬಳಸುತ್ತೇನೆ. ಇದು ಪಿವಿಸಿ ಪುಡಿಗೆ ಮೆದುಕಾರಕ ಬೆರೆಸಿದ ಮುದ್ದೆ. ಗಾಳಿಗೆ ಒಣಗುವುದಿಲ್ಲ, ಬೇಯಿಸಿದಾಗ ಮಾತ್ರ ಗಟ್ಟಿಯಾಗುತ್ತದೆ. ಕಚೇರಿಯಿಂದ ಬಂದು ರಾತ್ರಿ ಒಂದು ಕಣ್ಣು ಮಾಡಿಟ್ಟು, ಮುಂದಿನ ವಾರ ಇನ್ನೊಂದು ಕಣ್ಣು ಮಾಡಬಹುದು. ಸಂಸಾರಸ್ಥರಿಗೆ ಇದಕ್ಕಿಂತ ಅನುಕೂಲ ಬೇರೆ ಏನಿದೆ!

ಮೊದಲು ಅಲ್ಯೂಮಿನಿಯಂ ತಂತಿಯಲ್ಲಿ ಬೆನ್ನು, ಕಾಲು, ಸೊಂಡಿಲುಗಳನ್ನು ಬಗ್ಗಿಸಿಕೊಳ್ಳುತ್ತೇನೆ. ಹೊಟ್ಟೆ ಮತ್ತು ತಲೆಯ ಜಾಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ಚಮಚದ ಹಿಂಬದಿಯಿಂದ ಒತ್ತಿ ಗಟ್ಟಿ ಮಾಡುತ್ತೇನೆ. ಅದರ ಮೇಲೆ ಕ್ಲೇ ಮೂರು ನಾಲ್ಕು ಮಿಲಿಮೀಟರ್ ಇದ್ದರೆ ಸಾಕು. ಪದರ ಎಲ್ಲ ಕಡೆಯೂ ಒಂದೇ ದಪ್ಪವಿದ್ದರೆ ಒಂದೇ ಹದದಲ್ಲಿ ಬೇಯುತ್ತದೆ.

ಇನ್ನು ತಲೆ. ನನ್ನ ಅರ್ಧಕ್ಕಿಂತ ಹೆಚ್ಚು ಸಮಯ ಇಲ್ಲಿಯೇ ಹೋಗುತ್ತದೆ. ಆನೆಯ ಸೊಂಡಿಲು ಎಂದರೆ ಮೂಗು ಮತ್ತು ಮೇಲ್ದುಟಿ ಒಂದಾಗಿ ಬೆಳೆದದ್ದು. ಮೊಸಳೆಯ ಮೂಗಿನ ಹೊಳ್ಳೆಗಳು ಮೇಲ್ದವಡೆಯ ತುತ್ತತುದಿಯಲ್ಲಿವೆ. ಹಾಗಾದರೆ ಸೊಂಡಿಲು ಹುಟ್ಟಬೇಕಾದ ಜಾಗ ಆ ತುದಿಯೇ. ಇದು ಹೊಳೆದ ಮೇಲೆ ಮಕರದ ಮುಖ ತಾನಾಗಿಯೇ ಬಿಚ್ಚಿಕೊಂಡಿತು: ದವಡೆಯ ಮೂಳೆ ಮುಗಿಯುವಲ್ಲಿ ಮಾಂಸ ಮೆದುವಾಗಿ, ಮೇಲಕ್ಕೆದ್ದು ಸುರುಳಿಯಾಗಬೇಕು. ಮೂಳೆಯ ಮೇಲಿನ ಚರ್ಮವನ್ನು ಬಿಗಿಯಾಗಿ, ಗಂಟುಗಂಟಾಗಿ ಬಿಡುತ್ತೇನೆ. ಸೊಂಡಿಲು ಶುರುವಾದೊಡನೆ ಅಡ್ಡ ನೆರಿಗೆಗಳನ್ನು ಸೂಜಿಯಿಂದ ಎಳೆಯುತ್ತೇನೆ. ಸುರುಳಿಯ ಒಳಬದಿಯಲ್ಲಿ ನೆರಿಗೆಗಳು ಒತ್ತೊತ್ತಾಗಿರಬೇಕು, ಹೊರಬದಿಯಲ್ಲಿ ಚರ್ಮ ಹಿಗ್ಗಿರುವುದರಿಂದ ದೂರ ದೂರ. ಸಕ್ರೆಬೈಲಿನಲ್ಲಿ ಆನೆಗಳು ತುಂಗೆಯಲ್ಲಿ ಮೀಯುವುದನ್ನು ನೋಡುತ್ತಾ ನಿಂತರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಬಾಯಿಗೆ ಮಾತ್ರ ರಂಗನತಿಟ್ಟಿಗೇ ಹೋಗಬೇಕು. ಅಲ್ಲಿ ಬಂಡೆಯ ಮೇಲೆ ಮೊಸಳೆಗಳು ಬಾಯಿ ತೆರೆದು ಬಿಸಿಲು ಕಾಯುತ್ತಿರುತ್ತವೆ. ದವಡೆಯ ಅಂಚು ನೇರ ಗೆರೆಯಲ್ಲ, ಅಲೆಅಲೆಯಾಗಿದೆ. ಕೆಳದವಡೆಯ ನಾಲ್ಕನೆಯ ಹಲ್ಲು ಬಾಯಿ ಮುಚ್ಚಿದಾಗಲೂ ಹೊರಗೆ ಕಾಣುತ್ತದೆ. ಆ ಒಂದು ಹಲ್ಲನ್ನು ಸರಿಯಾಗಿ ಕೂರಿಸಿದರೆ ಉಳಿದ ಹಲ್ಲುಗಳು ಸ್ವಲ್ಪ ಹೆಚ್ಚುಕಡಿಮೆಯಾದರೂ ಮುಖ ಮೊಸಳೆಯದ್ದಾಗಿಯೇ ಉಳಿಯುತ್ತದೆ.

ಕಣ್ಣಿಗೆ ಸೈಕಲ್ ಅಂಗಡಿಯ ಸಣ್ಣ ಉಕ್ಕಿನ ಗುಂಡು. ಅದನ್ನು ಮೊದಲೇ ಕೂರಿಸಿ, ಕ್ಲೇಯನ್ನು ನೂಲಿನಷ್ಟು ಸಣ್ಣಗೆ ಹೊಸೆದು ಮೇಲೊಂದು ಕೆಳಗೊಂದು ರೆಪ್ಪೆ ಹಾಕುತ್ತೇನೆ. ಗುಂಡು ಗಟ್ಟಿಯಾಗಿರುವುದರಿಂದ ರೆಪ್ಪೆ ಒತ್ತುವಾಗ ಕಣ್ಣು ಚಪ್ಪಟೆಯಾಗುವುದಿಲ್ಲ, ಒಲೆಯ ಬಿಸಿಗೂ ಏನೂ ಆಗುವುದಿಲ್ಲ.

ಹುರುಪೆಗಳನ್ನು ಒಂದೊಂದಾಗಿ ಅಂಟಿಸುವುದಾದರೆ ಬಾಲದ ಕಡೆಯಿಂದ ಆರಂಭಿಸಿ ಕುತ್ತಿಗೆಯತ್ತ ಬರಬೇಕು. ಮಂಗಳೂರು ಹೆಂಚನ್ನು ಸೂರಿನಂಚಿನಿಂದ ಮೇಲಕ್ಕೆ ಹೊದಿಸುವುದು ಹೇಗೋ ಹಾಗೆ. ಮುಂದಿನ ಸಾಲು ಹಿಂದಿನದರ ಬುಡವನ್ನು ಮುಚ್ಚುತ್ತದೆ. ಕಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿಂಹದ ಹಿಂಗಾಲಿನಲ್ಲಿ ಹಿಮ್ಮುಖವಾಗಿ ಮಡಿದಂತೆ ಕಾಣುವುದು ಮಂಡಿಯಲ್ಲ, ಹಿಮ್ಮಡಿ. ನಿಜವಾದ ಮಂಡಿ ಹೊಟ್ಟೆಯ ಪಕ್ಕದಲ್ಲಿ, ಮುಂದಕ್ಕೆ ಮಡಿಯುತ್ತದೆ. ವ್ಯಾಳ, ಶರಭ, ಡ್ರ್ಯಾಗನ್, ಏನನ್ನೇ ಮಾಡಿ, ಇದನ್ನು ತಿಳಿದುಕೊಂಡರೆ ಪ್ರಾಣಿ ತನ್ನ ಭಾರವನ್ನು ತಾನೇ ಹೊತ್ತು ನಿಲ್ಲುತ್ತದೆ.

ಬೇಯಿಸುವುದಕ್ಕೆ ಅಡುಗೆಗೆ ಬಳಸದ ಸಣ್ಣ ವಿದ್ಯುತ್ ಒಲೆ, ಒಳಗೊಂದು ಪ್ರತ್ಯೇಕ ಉಷ್ಣಮಾಪಕ. ಒಲೆಯ ಗುಂಡಿ ತೋರಿಸುವ ಅಂಕಿಯನ್ನು ನಾನು ನಂಬುವುದಿಲ್ಲ. ಫಿಮೋ ಕ್ಲೇಗೆ 110 ಡಿಗ್ರಿ ಸೆಲ್ಸಿಯಸ್, ಸ್ಕಲ್ಪಿಗೆ 135. ಮಿತಿ ಮೀರಿ ಸುಟ್ಟರೆ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ. ಗಂಟಲು, ಕಣ್ಣು ಉರಿಸುವ ಅನಿಲವದು. ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ. ಉಗುರು, ಕೋಡುಗಳಂಥ ತೆಳು ಭಾಗಗಳನ್ನು ಬೇಯಿಸಿದ ನಂತರ ಎಂ-ಸೀಲ್ ಎಂಬ ಎಪಾಕ್ಸಿ ಅಂಟುಮುದ್ದೆಯಲ್ಲಿ ಮಾಡುತ್ತೇನೆ. ಎರಡು ಮುದ್ದೆಗಳನ್ನು ಸಮನಾಗಿ ಕಲಸಿ, ಕೈಗವಸು ತೊಟ್ಟು, ಉಪಕರಣಕ್ಕೆ ನೀರು ಸವರಿಕೊಂಡು ತಿದ್ದಬೇಕು. ಹಸಿ ಎಪಾಕ್ಸಿ ಚರ್ಮಕ್ಕೆ ಅಲರ್ಜಿ ತರಬಲ್ಲದು.

ಪುಟ್ಟ ಮೂರ್ತಿ ದೈತ್ಯವಾಗಿ ಕಾಣಬೇಕೆಂಬ ಆಸೆ ನನಗೆ ಬಂದದ್ದು ಬೇಲೂರಿನಲ್ಲಿ. ಒಂದನ್ನೊಂದು ಹಿಡಿಯುವ ಪ್ರಾಣಿಗಳ ಸರಣಿಯೊಂದು ಅಲ್ಲಿದೆ: ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಆನೆಯನ್ನು ಮಣಿಸುವ ಸಿಂಹವನ್ನೂ ಮಣಿಸುವುದನ್ನು ಮಣಿಸುವ ಹಕ್ಕಿ ಎಷ್ಟು ದೊಡ್ಡದಿರಬೇಕು! ಇದಕ್ಕೆ ದಾರಿ ಇದೆ. ದೊಡ್ಡ ಪ್ರಾಣಿಗಳ ಕಣ್ಣು ತಲೆಗೆ ಹೋಲಿಸಿದರೆ ಚಿಕ್ಕದು, ಕಾಲು ಮೈಗೆ ಹೋಲಿಸಿದರೆ ದಪ್ಪ. ಕಣ್ಣಿನ ಗುಂಡನ್ನು ಒಂದು ಅಳತೆ ಕಿರಿದಾಗಿಸಿ, ಗರಿಗಳನ್ನು ಸಣ್ಣದಾಗಿ ಒತ್ತೊತ್ತಾಗಿ ಹಾಕಿದರೆ ಅದೇ ಮೂರ್ತಿ ಗುಡ್ಡದಷ್ಟಾಗುತ್ತದೆ.

ಗಂಡಭೇರುಂಡದ ಕಷ್ಟವೆಲ್ಲ ಎರಡು ಕುತ್ತಿಗೆಗಳ ಬುಡದಲ್ಲಿದೆ. ಬಳ್ಳಿಗಾವಿಯಲ್ಲಿ 1047ರ ಭೇರುಂಡ ಸ್ತಂಭದ ಮೇಲಿನ ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಅಗಲವಾದ ಭುಜವಿದ್ದರೆ ಎರಡು ಕುತ್ತಿಗೆಗಳಿಗೆ ಸಲೀಸಾಗಿ ಜಾಗ ಸಿಗುತ್ತದೆ ಎಂದು ನನಗೆ ತೋರಿಸಿಕೊಟ್ಟದ್ದು ಆ ಮೂರ್ತಿಯೇ. ನನ್ನ ಹಕ್ಕಿಯ ಎದೆಗೂಡನ್ನು ಅದೇ ರೀತಿ ಹಿಗ್ಗಿಸಿ, ತಂತಿಯನ್ನು ಬೆನ್ನುಮೂಳೆಯಲ್ಲಿಯೇ ಕವಲೊಡೆಸಿ, ಪ್ರತಿ ಕುತ್ತಿಗೆಗೂ ಅದರದ್ದೇ ಭುಜದ ಸ್ನಾಯು ಕೊಟ್ಟಿದ್ದೇನೆ.

ಬಣ್ಣಕ್ಕೆ ಕುಂಚದಿಂದ ಹಚ್ಚುವ ಅಕ್ರಿಲಿಕ್ಕೇ ಮೇಲು. ಕೆಲವು ಸ್ಪ್ರೇ ಪ್ರೈಮರ್‌ಗಳು ಪಾಲಿಮರ್ ಕ್ಲೇಯ ಮೇಲೆ ಒಣಗದೆ ಅಂಟಂಟಾಗಿ ಉಳಿಯುತ್ತವೆ. ಮಕರಕ್ಕೆ ನಾನು ಬಳಪದ ಕಲ್ಲಿನ ಬಣ್ಣ ಕೊಡುವುದಿಲ್ಲ. ಬೆನ್ನಿಗೆ ಕಾವೇರಿ ಮೊಸಳೆಯ ಪಾಚಿಗಪ್ಪು, ಹೊಟ್ಟೆಗೆ ಮಾಸಲು ಹಳದಿ, ಸೊಂಡಿಲಿನ ತುದಿಗೆ ಆನೆಗಳಲ್ಲಿ ಕಾಣುವ ತಿಳಿಗುಲಾಬಿ ಚುಕ್ಕೆಗಳು. ಹೊಳಪಿನ ವಾರ್ನಿಷ್ ಕಣ್ಣು ಮತ್ತು ಒಸಡಿಗೆ ಮಾತ್ರ. ಉಳಿದ ಮೈಗೆಲ್ಲ ಹೊಳಪಿಲ್ಲದ್ದು.