ಒಂದೇ ಕೊಳಗ, ಎರಡು ಲೆಕ್ಕ

ಸಾಗರದ ಹತ್ತಿರದ ನಮ್ಮ ಮನೆಯ ಅಟ್ಟದ ಮೇಲೆ ಒಂದು ಮರದ ಕೊಳಗ ಇದೆ. ಅಜ್ಜನ ಕಾಲದಲ್ಲಿ ಅದರಲ್ಲಿ ಗೇಣಿ ಭತ್ತ ಅಳೆಯುತ್ತಿದ್ದರು. ಆ ಕೊಳಗದ ಸುತ್ತ ನಡೆದ ಒಂದು ಜಗಳವನ್ನು ಕಥೆ ಮಾಡಬೇಕು ಅಂತ ಮೂರು ವರ್ಷ ಒದ್ದಾಡಿದೆ. ಐದು ಸಲ ಬರೆದೆ. ಐದೂ ಸಲ ಘಟನೆ ಅದೇ, ಮನುಷ್ಯರು ಅವರೇ. ನಾನು ಬದಲಾಯಿಸಿದ್ದು ಹೇಳುವ ರೀತಿ ಒಂದನ್ನೇ. ಆದರೆ ಓದಿದವರಿಗೆ ಯಾರ ಕಡೆ ನ್ಯಾಯ ಕಾಣುತ್ತದೆ ಅನ್ನುವುದು ಪ್ರತಿ ಸಲವೂ ಬೇರೆಯಾಗುತ್ತಿತ್ತು.

ಘಟನೆ ಚಿಕ್ಕದು. 1974ರ ಸುಗ್ಗಿ. ಆ ವರ್ಷ ಮಾರ್ಚ್ 1ಕ್ಕೆ, ಗೇಣಿದಾರನಿಗೇ ಭೂಮಿಯ ಹಕ್ಕು ಕೊಡುವ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಅದಕ್ಕೂ ಸ್ವಲ್ಪ ಮೊದಲು ನಮ್ಮ ಅಂಗಳದಲ್ಲಿ ಗೇಣಿ ಅಳೆಯುವಾಗ, ನಮ್ಮ ಗದ್ದೆ ಮಾಡುತ್ತಿದ್ದ ಗೇಣಿದಾರ ಕೊಳಗವನ್ನು ಬಾಯಿಮಟ್ಟಕ್ಕೆ ಸವರಿ ಅಳೆದ. ಅಜ್ಜ ತಡೆದರು. ಯಾವಾಗಲೂ ಅಳೆದ ಹಾಗೆ, ಮೇಲೆ ಗುಪ್ಪೆಯಾಗಿ ನಿಲ್ಲುವಂತೆ ತುಂಬಬೇಕು ಅಂದರು. ಅವನು ಒಪ್ಪಲಿಲ್ಲ. ಕಾಯ್ದೆ ಬಂದ ಮೇಲೆ ಅವನು ಗದ್ದೆಯ ಹಕ್ಕು ಕೇಳಿ ಡಿಕ್ಲರೇಷನ್ ಅರ್ಜಿ ಹಾಕಿದ, ಗದ್ದೆ ಅವನದಾಯಿತು. ಎರಡು ಮನೆಗಳ ನಡುವೆ ಬಹಳ ವರ್ಷ ಮಾತಿರಲಿಲ್ಲ.

ಮೊದಲ ಸಲ ನಾನು ಹೊರಗೆ ನಿಂತು ಎಲ್ಲವನ್ನೂ ನೋಡುವವನ ಹಾಗೆ ಬರೆದೆ. ನಾನು ಯಾರ ಕಡೆಯೂ ಇಲ್ಲ ಅಂದುಕೊಂಡಿದ್ದೆ. ಮುಗಿಸಿ ಓದಿದರೆ ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ. 'ಅಜ್ಜ ಬೇಸರದಿಂದ ಅಂಗಳಕ್ಕೆ ಇಳಿದರು. ಅವನು ಮೊಂಡು ಹಿಡಿದು ನಿಂತ.' ಒಬ್ಬರಿಗೆ ಬೇಸರ, ಇನ್ನೊಬ್ಬನಿಗೆ ಮೊಂಡು. ಅದನ್ನು ತಿದ್ದಬಹುದಿತ್ತು, ತಿದ್ದಿದೆ. ಆದರೆ 'ಇಳಿದರು' ಮತ್ತು 'ನಿಂತ' ಅನ್ನುವುದನ್ನು ಏನು ಮಾಡುವುದು? ಕನ್ನಡದಲ್ಲಿ ಯಾರಾದರೂ ಬಂದರು ಅಂತ ಹೇಳಬೇಕಾದರೆ ಕ್ರಿಯಾಪದದ ಬಾಲದಲ್ಲೇ ಅವರ ಸ್ಥಾನವನ್ನೂ ಹೇಳಿಬಿಡುತ್ತೇವೆ. ಇಬ್ಬರಿಗೂ 'ಬಂದರು' ಅಂತ ಹಾಕಿ ನೋಡಿದೆ. ಅಂಗಳದ ಬಿಸಿಯೇ ಹೋಗಿ ಪತ್ರಿಕೆಯ ವರದಿ ಥರ ಆಯಿತು. ಇಬ್ಬರಿಗೂ 'ಬಂದ' ಅಂತ ಹಾಕೋಣ ಅಂದರೆ, ಅಜ್ಜನ ವಿಷಯದಲ್ಲಿ ನನ್ನ ಕೈ ಓಡಲಿಲ್ಲ. ಆ ಕೈ ಯಾಕೆ ನಿಂತಿತು ಅಂತ ಯೋಚಿಸುತ್ತಾ ಒಂದು ವಾರ ಏನೂ ಬರೆಯಲಿಲ್ಲ. ಈಗ ಇಲ್ಲಿ ಬರೆಯುವಾಗಲೂ ನೋಡಿ, ಮೇಲಿನ ಪ್ಯಾರಾದಲ್ಲಿ ಅಜ್ಜ 'ತಡೆದರು', ಅವನು 'ಅಳೆದ'.

ಎರಡನೇ ಸಲ ಇಬ್ಬರಿಂದಲೂ 'ನಾನು' ಅಂತಲೇ ಹೇಳಿಸಿದೆ. ಅರ್ಧ ಕಥೆ ಅಜ್ಜನದು, ಅರ್ಧ ಅವನದು. ಗೌರವದ ತೊಡಕು ತಪ್ಪಿತು, ಯಾಕೆಂದರೆ 'ನಾನು ಬಂದೆ' ಅನ್ನುವಾಗ ಒಡೆಯನೂ ಒಕ್ಕಲೂ ಒಂದೇ. ಆದರೆ ಇಲ್ಲಿ ಬೇರೆ ಕಷ್ಟ. ಕೊನೆಯಲ್ಲಿ ಮಾತಾಡಿದವನೇ ಗೆಲ್ಲುತ್ತಾನೆ. ಶಿವಮೊಗ್ಗದ ಇಬ್ಬರು ಗೆಳೆಯರಿಗೆ ಓದಲು ಕೊಟ್ಟೆ. ಒಬ್ಬರಿಗೆ ಅಜ್ಜನ ಭಾಗ ಮೊದಲು, ಇನ್ನೊಬ್ಬರಿಗೆ ಅವನ ಭಾಗ ಮೊದಲು. ಒಂದಕ್ಷರವೂ ವ್ಯತ್ಯಾಸ ಇರಲಿಲ್ಲ. ಇಬ್ಬರೂ ಎರಡನೆಯದಾಗಿ ಓದಿದವನ ಪರ ನಿಂತರು.

ಆಮೇಲೆ ಪತ್ರಗಳ ರೂಪದಲ್ಲಿ ಶುರು ಮಾಡಿ ಎರಡೇ ಪುಟಕ್ಕೆ ಬಿಟ್ಟೆ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಅವನ ಪತ್ರವನ್ನೂ ನಾನೇ ಬರೆದುಕೊಟ್ಟ ಹಾಗಾಗುತ್ತಿತ್ತು.

ನಾಲ್ಕನೆಯ ದಾರಿ ಹೊಳೆದದ್ದು ಒಂದು ಮಳೆಗಾಲದ ರಾತ್ರಿ, ತಾಳಮದ್ದಲೆಯಲ್ಲಿ. ನಾನೂ ಊರಿನ ಕೂಟದಲ್ಲಿ ಅರ್ಥ ಹೇಳುತ್ತೇನೆ, ಅಂದರೆ ಒಂದು ಪಾತ್ರವಾಗಿ ಕೂತು ಮಾತಾಡುತ್ತೇನೆ. ಅವತ್ತು ವಾಲಿವಧೆ. ನನ್ನದು ವಾಲಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ನಾವು ಎದುರುಬದುರು ಕೂತು ಮಾತಿನಲ್ಲೇ ಯುದ್ಧ ಮಾಡುತ್ತೇವೆ. ಪದ ಇಬ್ಬರಿಗೂ ಗೊತ್ತಿರುತ್ತದೆ, ವಾಲಿ ಸಾಯುತ್ತಾನೆ ಅನ್ನುವುದೂ ಗೊತ್ತಿರುತ್ತದೆ. ಎದುರಿನವನು ಏನು ಕೇಳುತ್ತಾನೆ ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ನಾನು ರಾಮನನ್ನು ಕೇಳಿದೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ಧರ್ಮದ ಮಾತಾಡುತ್ತೀಯಾ ಅಂತ ರಾಮ ತಿರುಗಿ ಕೇಳಿದ. ಆ ಕ್ಷಣ ನನಗೆ ನಿಜಕ್ಕೂ ಉತ್ತರ ಹೊಳೆಯಲಿಲ್ಲ. ಎರಡು ತಿಂಗಳ ಹಿಂದೆ ಬೇರೆ ಊರಿನಲ್ಲಿ ನಾನೇ ರಾಮನಾಗಿ ಅದೇ ಪ್ರಶ್ನೆ ಕೇಳಿದ್ದೆ!

ನನ್ನ ಎರಡನೇ ಕಥೆಯಲ್ಲಿ ಇಲ್ಲದೇ ಇದ್ದದ್ದು ಇದೇ ಅಲ್ವಾ? ಅಲ್ಲಿ ಇಬ್ಬರೂ ತಮ್ಮ ತಮ್ಮ ಪಾಡಿಗೆ ಹೇಳಿಕೊಂಡು ಹೋಗುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಾಗುತ್ತಲೇ ಇರಲಿಲ್ಲ.

ಇಡೀ ಕಥೆಯನ್ನು ತಾಳಮದ್ದಲೆಯ ಹಾಗೆ ಬರೆದೆ. ಅಜ್ಜ ಮತ್ತು ಅವನು ಜಗಲಿಯಲ್ಲಿ ಎದುರುಬದುರು. ಬೆಳೆ ಹೋದ ವರ್ಷ ಗೇಣಿ ಬಿಟ್ಟಿದ್ದೇನೆ ಅಂತ ಅಜ್ಜ. ಬಿಟ್ಟ ಗೇಣಿ ನಿಮಗೆ ನೆನಪಿದೆ, ವರ್ಷಾ ವರ್ಷ ಗುಪ್ಪೆಯಲ್ಲಿ ಬಂದದ್ದು ನೆನಪಿಲ್ಲವಾ ಅಂತ ಅವನು. ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿ ಜೈಲಿಗೆ ಹೋದದ್ದು ಕೊಳಗದ ಅಳತೆಯ ವಿಷಯಕ್ಕೇ. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನವಾದದ್ದೂ ಆಗಲೇ. ಅದನ್ನು ಅವನ ಬಾಯಲ್ಲಿ ಹಾಕಿದೆ. ಅಜ್ಜನಿಗೆ ಉತ್ತರ ಹುಡುಕಲು ನನಗೆ ನಾಲ್ಕು ದಿನ ಬೇಕಾಯಿತು. ಬರೆದದ್ದರಲ್ಲೆಲ್ಲ ಇದೇ ಗಟ್ಟಿ ಅಂತ ತುಂಬ ಖುಷಿಪಟ್ಟೆ.

ಅವನ ಮೊಮ್ಮಗ ಈಗ ನನ್ನ ಗೆಳೆಯ. ಅದೇ ಗದ್ದೆಯ ಅರ್ಧಕ್ಕೆ ಅಡಿಕೆ ಹಾಕಿದ್ದಾರೆ. ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಸುಮ್ನೆ ಕೂತರು. ಆಮೇಲೆ ಅಂದರು: "ಚೆನ್ನಾಗೈತೆ ಹೆಗಡೇರೆ. ಆದ್ರೆ ನಮ್ಮಜ್ಜ ನಿಮ್ಮ ಜಗಲಿ ಮೇಲೆ ಕೂತ್ಕಂಡಿದ್ದು ಯಾವಾಗ್ರಾ?"

ನನಗೆ ಮಾತೇ ಹೊರಡಲಿಲ್ಲ. ತಾಳಮದ್ದಲೆಯಲ್ಲಿ ಇಬ್ಬರಿಗೂ ಒಂದೇ ಎತ್ತರದ ಜಾಗ, ಇಬ್ಬರಿಗೂ ಮಾತಿನ ಸರದಿ. ಹಾಗಾಗಿ ನಾನು ಯೋಚಿಸದೆಯೇ ಅವನನ್ನು ಜಗಲಿ ಹತ್ತಿಸಿದ್ದೆ. ನಿಜದಲ್ಲಿ ಅವನು ಅಂಗಳದಲ್ಲಿ ಬಗ್ಗಿ ಭತ್ತ ತುಂಬುತ್ತಿದ್ದ, ಮಾತಾಡಿದ್ದು ಒಂದೋ ಎರಡೋ ಮಾತು. ಅವನಿಗೆ ನಾನು ಕೊಟ್ಟ ವಾದಗಳೆಲ್ಲ ಒಳ್ಳೆಯವೇ. ಆದರೆ ಅವನ್ನು ಹೇಳುವ ಜಾಗವೇ ಅವನಿಗೆ ಇರಲಿಲ್ಲ. ಸಮನಾದ ಮಾತುಗಾರಿಕೆ ಕೊಟ್ಟು ನಾನು ಆ ಅಸಮಾನತೆಯನ್ನೇ ಅಳಿಸಿ ಹಾಕಿದ್ದೆ. ಎರಡು ಕಡೆಗೂ ಸಮಾನ ಅವಕಾಶ ಕೊಟ್ಟರೆ ನ್ಯಾಯ ಕೊಟ್ಟಂತೆ ಅಂತ ಅಲ್ಲಿಯವರೆಗೆ ಪೂರ್ತಿ ನಂಬಿದ್ದೆ.

ಐದನೇ ಸಲ ಅಜ್ಜನ ಅರ್ಥಗಾರಿಕೆಯನ್ನು ಹಾಗೇ ಉಳಿಸಿದೆ. ಜಗಲಿಯ ಮೇಲೆ ಕೂತು ಒಬ್ಬರೇ ಮಾತಾಡುತ್ತಾರೆ, ಕೇಳದ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾರೆ. ಆ ಪ್ರಶ್ನೆಗಳು ಯಾರವು ಅಂತ ಓದುವವರಿಗೆ ಗೊತ್ತಾಗುತ್ತದೆ. ಅವನ ಪಾಲಿಗೆ ಎಣಿಕೆ ಮಾತ್ರ ಇಟ್ಟೆ. ಭತ್ತ ಅಳೆಯುವಾಗ ನಮ್ಮಲ್ಲಿ ಒಂದು ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು. ಅಜ್ಜನ ಪ್ರತಿ ಮಾತಿನ ನಡುವೆ ಕೆಳಗಿನಿಂದ ಆ ಎಣಿಕೆ ಬರುತ್ತದೆ. ಕೊಡುವವನ ಬಾಯಲ್ಲಿ ಆ ಮೊದಲ ಪದ ಹೇಗೆ ಕೇಳಿಸುತ್ತದೆ ಅನ್ನುವುದಕ್ಕೆ ನಾನು ಒಂದು ಸಾಲು ವಿವರಣೆಯನ್ನೂ ಬರೆಯಲಿಲ್ಲ.

ಅದನ್ನು ಓದಿ ಹೇಳಿದ ದಿನ ಗೆಳೆಯರು ಕೊಳಗ ನೋಡಬೇಕು ಅಂದರು. ಅಟ್ಟದಿಂದ ಇಳಿಸಿ ಧೂಳು ಒರೆಸಿದೆವು. ಅವರ ಮನೆಯಿಂದಲೇ ಭತ್ತ ತಂದರು. ನಾನು ಗುಪ್ಪೆಯಾಗಿ ತುಂಬಿದೆ. ಅವರು ಅಂಗೈಯಿಂದ ಬಾಯಿಮಟ್ಟಕ್ಕೆ ಸವರಿದರು. ಕೆಳಗೆ ಹಾಸಿದ್ದ ಪೇಪರ್ ಮೇಲೆ ಬಿದ್ದ ಭತ್ತವನ್ನು ಬೊಗಸೆಯಲ್ಲಿ ಎತ್ತಿ ಚೀಲಕ್ಕೆ ಹಾಕುತ್ತಾ ಎಣಿಸಿದರು. ಲಾಭ, ಎರಡು.