ಸ್ಮಾರ್ಟ್‌ಫೋನ್ ಅಳೆಯುವ ಕ್ರಮ: ಮೊದಲು ಫೋನು, ಆಮೇಲೆ ಕಂಪ್ಯೂಟರು

ಕ್ಯಾಮೆರಾಗೆ 9, ವೇಗಕ್ಕೆ 8, ಕರೆಗೆ 4, ಸರಾಸರಿ ಏಳು, ಹಾಗಾಗಿ ಒಳ್ಳೆಯ ಫೋನು. ಈ ಲೆಕ್ಕ ಕೈಕೊಡುತ್ತದೆ. ಮಾತು ಕೇಳಿಸದ ಫೋನಿನ ಕೊರತೆಯನ್ನು ಎಷ್ಟೇ ವೇಗದ ಪ್ರೊಸೆಸರ್ ಕೂಡ ತುಂಬಿಕೊಡಲಾರದು. ಆದ್ದರಿಂದ ಫೋನಿನ ಗುಣಕ್ಕೆ (ಸಿಗ್ನಲ್, ಕರೆ, ಮೈಕ್) ಅಂಕ ಕೊಡಬೇಡಿ, ಪಾಸು ಅಥವಾ ಫೇಲು ಅಷ್ಟೇ ನೋಡಿ. ಪಾಸಾದವುಗಳಲ್ಲಿ ಯಾವುದು ಉತ್ತಮ ಎಂಬುದನ್ನು ಕಂಪ್ಯೂಟರ್ ಗುಣಗಳಿಂದ (ವೇಗ, ಸ್ಟೋರೇಜು ಇತ್ಯಾದಿ) ತೀರ್ಮಾನಿಸಿ.

ಹೀಗೆ ಬೇರ್ಪಡಿಸಲು ತಾಂತ್ರಿಕ ಕಾರಣವೂ ಇದೆ. ಆ್ಯಪ್‌ಗಳನ್ನು ನಡೆಸುವ ಪ್ರೊಸೆಸರ್ ಒಂದು. ಟವರ್ ಜೊತೆ ಮಾತಾಡುವ ಬೇಸ್‌ಬ್ಯಾಂಡ್ ಮೋಡೆಮ್ ಇನ್ನೊಂದು. ಎರಡೂ ಒಂದೇ ಚಿಪ್‌ನಲ್ಲಿದ್ದರೂ ಮೋಡೆಮ್ ನಡೆಯುವುದು ತನ್ನದೇ ಪ್ರತ್ಯೇಕ ತಂತ್ರಾಂಶದ ಮೇಲೆ. ವೇಗಕ್ಕೆ ಅಂಕ ಕೊಡುವ ಬೆಂಚ್‌ಮಾರ್ಕ್ ಆ್ಯಪ್‌ಗಳು ಅಳೆಯುವುದು ಮೊದಲನೆಯದನ್ನು. ಮೋಡೆಮ್, ಆಂಟೆನಾ, ಮೈಕ್‌ಗಳ ಗುಣ ಅಲ್ಲಿ ಕಾಣುವುದೇ ಇಲ್ಲ. ಅವನ್ನು ನೀವೇ ಪರೀಕ್ಷಿಸಬೇಕು, ಅದೂ ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ.

ಸಿಗ್ನಲ್‌ನಿಂದ ಶುರುಮಾಡಿ. ಮೇಲೆ ಕಾಣುವ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರಿಗೂ ಒಂದೇ ನಿಯಮವಿಲ್ಲ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗಿನ 'ಸಿಮ್ ಸ್ಟೇಟಸ್' ನೋಡಿ, ಇಲ್ಲವೇ *#*#4636#*#* ಒತ್ತಿ (ಹಲವು ಫೋನ್‌ಗಳಲ್ಲಿ ನಡೆಯುತ್ತದೆ, ಎಲ್ಲದರಲ್ಲೂ ಅಲ್ಲ). ಐಫೋನಿನಲ್ಲಿ *3001#12345#* ಡಯಲ್ ಮಾಡಿ. ಸಿಗುವ ಡಿಬಿಎಂ (ಸಿಗ್ನಲ್ ಬಲದ ಅಳತೆ) ಸಂಖ್ಯೆ ಋಣಾತ್ಮಕ: -85 ಚೆನ್ನಾಗಿದೆ, -105 ದುರ್ಬಲ, -120ರ ಹತ್ತಿರ ಕರೆ ಕಡಿಯುವ ಹಂತ. 3 ಡಿಬಿ ಇಳಿದರೆ ಶಕ್ತಿ ಅರ್ಧ. 10 ಡಿಬಿ ಇಳಿದರೆ ಹತ್ತನೇ ಒಂದು ಭಾಗ.

ಮನೆಯಲ್ಲಿ ಸಿಗ್ನಲ್ ಅತಿ ಕಡಿಮೆ ಇರುವ ಮೂಲೆಯಲ್ಲಿ ನಿಲ್ಲಿ. ಹಳೆಯ ಫೋನು, ಹೊಸ ಫೋನು ಎರಡಕ್ಕೂ ಒಂದೇ ಸಿಮ್ ಹಾಕಿ, ಎರಡನ್ನೂ 4ಜಿಗೆ ಕಟ್ಟಿಹಾಕಿ (4ಜಿ, 5ಜಿ ಅಂಕಿಗಳನ್ನು ನೇರ ಹೋಲಿಸಬಾರದು). ಪ್ರತಿ ಸಲ ಒಂದು ನಿಮಿಷ ಕಾದು ಮೂರು ಬಾರಿ ಓದಿ. 2-3 ಡಿಬಿ ವ್ಯತ್ಯಾಸಕ್ಕೆ ಅರ್ಥವಿಲ್ಲ, ಸಿಗ್ನಲ್ ತಾನಾಗಿಯೇ ಅಷ್ಟು ಅಲುಗಾಡುತ್ತದೆ. ಹೊಸದು ಪ್ರತಿ ಸಲವೂ 6 ಡಿಬಿಗಿಂತ ಹೆಚ್ಚು ಹಿಂದೆ ಬಿದ್ದರೆ ಅದು ಗಂಭೀರ. ಆಮೇಲೆ ಕರೆಯಲ್ಲಿ ಹಿಡಿಯುವಂತೆಯೇ ಹಿಡಿದು ಮತ್ತೆ ಓದಿ. ಕೈ ಆಂಟೆನಾವನ್ನು ಮುಚ್ಚುವುದರಿಂದ ಸ್ವಲ್ಪ ಇಳಿಯುವುದು ಸಹಜ. 10 ಡಿಬಿ ಇಳಿದರೆ ಕವರ್ ತೆಗೆದು ನೋಡಿ: ಕಾರಿನ ಮ್ಯಾಗ್ನೆಟ್ ಸ್ಟ್ಯಾಂಡ್‌ಗೆಂದು ಅಂಟಿಸಿದ ಲೋಹದ ತಗಡೇ ಕಾರಣವಿರಬಹುದು.

ಇನ್ನು ಮಾತು. ಹಳೆಯ ಬಗೆಯ ಕರೆಯಲ್ಲಿ 300ರಿಂದ 3400 ಹರ್ಟ್ಜ್ ಧ್ವನಿ ಮಾತ್ರ ಸಾಗುತ್ತದೆ; ವೋಲ್ಟೆ (4ಜಿ ಜಾಲದ ಮೇಲೆಯೇ ಸಾಗುವ ಕರೆ) ಬಳಸುವ ವೈಡ್‌ಬ್ಯಾಂಡ್‌ನಲ್ಲಿ 50ರಿಂದ 7000 ಹರ್ಟ್ಜ್‌ವರೆಗೆ. ಸಕಾರದ ಸದ್ದಿನ ಬಲ ಬಹುಪಾಲು 4000ಕ್ಕಿಂತ ಮೇಲೆ ಇರುವುದರಿಂದ ಮೊದಲನೆಯದರಲ್ಲಿ ಅದು ಮಸುಕಾಗುತ್ತದೆ. ಪರೀಕ್ಷೆ ಸುಲಭ: 'ಸಾಲು, ಶಾಲು, ಹಾಲು' ಎಂಬಂಥ ಪದಗಳನ್ನು ಅಡ್ಡಾದಿಡ್ಡಿ ಕ್ರಮದಲ್ಲಿ ಇಪ್ಪತ್ತು ಸಲ ಹೇಳಿ, ಆ ಕಡೆಯವರು ಬರೆದುಕೊಳ್ಳಲಿ. ಒಮ್ಮೆ ನಿಶ್ಶಬ್ದ ಕೋಣೆಯಲ್ಲಿ, ಒಮ್ಮೆ ಓಡುವ ಫ್ಯಾನಿನ ಎದುರು, ಒಮ್ಮೆ ಸ್ಪೀಕರ್ ಹಾಕಿ. ಫ್ಯಾನಿನ ಎದುರು ಮಾತ್ರ ಪದಗಳ ತಲೆ ಕತ್ತರಿಸಿದಂತೆ ಕೇಳಿಸಿದರೆ, ಗದ್ದಲ ತಗ್ಗಿಸುವ ತಂತ್ರಾಂಶ ನಿಮ್ಮ ದನಿಯನ್ನೇ ಗದ್ದಲವೆಂದು ಅಳಿಸುತ್ತಿರಬಹುದು. ಮೇಲಿನ ಮೈಕ್ ರಂಧ್ರವನ್ನು ಕವರ್ ಮುಚ್ಚಿದಾಗಲೂ ಹೀಗಾಗುತ್ತದೆ. ಕರೆ ಸೇರಿದ ತಕ್ಷಣ 4ಜಿ ಗುರುತು 3ಜಿ ಅಥವಾ 2ಜಿಗೆ ಇಳಿದರೆ ವೋಲ್ಟೆ ನಡೆಯುತ್ತಿಲ್ಲ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಯೂ ಬಾರದಿದ್ದರೆ, ಬೇರೆ ಮಾರುಕಟ್ಟೆಗೆಂದು ತಯಾರಾದ ಮಾದರಿಗೆ ನಿಮ್ಮ ಸಿಮ್ ಕಂಪನಿಯ ಬೆಂಬಲವಿಲ್ಲದಿರುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ಇಟ್ಟುಕೊಳ್ಳಬೇಡಿ.

ಕೊನೆಯದಾಗಿ, ಫೋನನ್ನು ಚಾರ್ಜರ್‌ನಿಂದ ತೆಗೆದು, ಲಾಕ್ ಮಾಡಿ ಮೂರು ಗಂಟೆ ಮುಟ್ಟದೆ ಬಿಡಿ. ಆಮೇಲೆ ಮಾಮೂಲಿ ಕರೆ ಒಂದು, ವಾಟ್ಸ್‌ಆ್ಯಪ್ ಕರೆ ಒಂದು ಮಾಡಿಸಿ. ಮೊದಲನೆಯದು ಬಂದು ಎರಡನೆಯದು ಬಾರದಿದ್ದರೆ ಬ್ಯಾಟರಿ ಉಳಿತಾಯದ ವ್ಯವಸ್ಥೆ ಆ ಆ್ಯಪನ್ನು ಮಲಗಿಸಿರಬಹುದು. ಆಂಡ್ರಾಯ್ಡ್‌ನಲ್ಲಿ ಅದರ ಬ್ಯಾಟರಿ ಸೆಟ್ಟಿಂಗನ್ನು 'ಅನ್‌ರಿಸ್ಟ್ರಿಕ್ಟೆಡ್'ಗೆ ಬದಲಿಸಿ. ಮಾಮೂಲಿ ಕರೆಯೇ ಬಾರದಿದ್ದರೆ ಫೇಲು.

ಕಂಪ್ಯೂಟರ್ ಭಾಗಕ್ಕೆ ಎರಡು ದಿನ ಬಿಟ್ಟು ಬನ್ನಿ. ಹಳೆಯ ಡೇಟಾ ತುಂಬಿದ ಮೊದಲ ಒಂದೆರಡು ದಿನ ಫೋನು ಒಳಗೊಳಗೇ ಕೆಲಸ ಮಾಡಿ ಬಿಸಿಯಾಗುವುದರಿಂದ ಅಳತೆ ತಪ್ಪಾಗುತ್ತದೆ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಸ್ಟೋರೇಜಿನ ಬಗೆ: ಇಎಂಎಂಸಿ ಅಥವಾ ಯುಎಫ್‌ಎಸ್. ಇಎಂಎಂಸಿ ಒಂದು ಹೊತ್ತಿಗೆ ಓದುತ್ತದೆ ಅಥವಾ ಬರೆಯುತ್ತದೆ. ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಆ್ಯಪ್ ಅಪ್‌ಡೇಟ್ ಆಗುವಾಗ ಕೀಬೋರ್ಡ್ ಸಿಕ್ಕಿಕೊಳ್ಳುವುದಕ್ಕೆ ಹಲವು ಸಲ ಇಎಂಎಂಸಿಯ ಈ ಮಿತಿಯೇ ಕಾರಣ. '8 + 8 ಜಿಬಿ ರ್‍ಯಾಮ್' ಎಂಬ ಜಾಹೀರಾತಿನ ಎರಡನೆಯ ಎಂಟು ನಿಜವಾದ ರ್‍ಯಾಮ್ ಅಲ್ಲ, ಸ್ಟೋರೇಜಿನಿಂದ ಎರವಲು ಪಡೆದದ್ದು, ಬಹಳ ನಿಧಾನ. ಎಣಿಕೆಗೆ ಹಿಡಿಯಬೇಡಿ.

ಬಿಸಿಯ ಪರೀಕ್ಷೆಗೆ ಕವರ್ ತೆಗೆದು, ಚಾರ್ಜರ್ ಕಳಚಿ, ಒಂದೇ ಬೆಂಚ್‌ಮಾರ್ಕನ್ನು ಬಿಡುವಿಲ್ಲದೆ ಐದು ಸಲ ಓಡಿಸಿ. ಐದನೆಯ ಅಂಕ ಮೊದಲನೆಯದರ ಮುಕ್ಕಾಲಿಗಿಂತ ಕಡಿಮೆಯಾದರೆ, ಪೆಟ್ಟಿಗೆಯ ಮೇಲಿನ ವೇಗ ನಿಮಗೆ ಸಿಗುವುದು ಮೊದಲ ಕೆಲವು ನಿಮಿಷ ಮಾತ್ರ. ಹಾಗಾಗಿ ಎರಡು ಫೋನುಗಳನ್ನು ಹೋಲಿಸುವಾಗ ಐದನೆಯ ಅಂಕವನ್ನೇ ಹೋಲಿಸಿ.

ಕರೆಯನ್ನೇ ಮಾಡದೆ ಬರೀ ವೈಫೈಯಲ್ಲಿ ಬಳಸುವ ಫೋನಾದರೆ ಸಿಗ್ನಲ್ ಭಾಗ ಬಿಡಬಹುದು. ಮೈಕ್ ಪರೀಕ್ಷೆ ಬಿಡಬೇಡಿ.

ಸೆಕ್ಯುರಿಟಿ ಅಪ್‌ಡೇಟ್‌ಗಳ ಅವಧಿಯನ್ನೂ ಲೆಕ್ಕ ಹಾಕಿ. 2023ರಲ್ಲಿ ಬಂದ ಪಿಕ್ಸೆಲ್ 8ಕ್ಕೆ ಗೂಗಲ್ 7 ವರ್ಷ ಘೋಷಿಸಿತು. ಎಷ್ಟೋ ಫೋನುಗಳಿಗೆ ಅದರ ಅರ್ಧವೂ ಇಲ್ಲ. ಸಾಮಾನ್ಯವಾಗಿ ಎಣಿಕೆ ಶುರುವಾಗುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷದ ಭರವಸೆಯ ಫೋನನ್ನು ಅದು ಬಂದ ಒಂದೂವರೆ ವರ್ಷಕ್ಕೆ ಕೊಂಡರೆ ನಿಮ್ಮ ಪಾಲಿಗೆ ಉಳಿಯುವುದು ಎರಡೂವರೆ ವರ್ಷ.